ಸೈಂಧವ ಉಪ್ಪಲ್ಲ

ಬರ್ಮಿಂಗ್‌ಹ್ಯಾಮ್
4 ಮಾರ್ಚ್ 1984

ಅಕ್ಕನಿಗೆ ಉಪೇಂದ್ರನ ನಮಸ್ಕಾರ.

ಬಂದು ತಲುಪಿದೆವು. ಲಕೋಟೆಯ ಮೇಲೆ ನಿನ್ನ ಹೆಸರಿನ ಜೊತೆ ಏನು ಬರೆಯಲಿ ಅಂತ ಸೀತೂನ ಕೇಳಿದೆ. "ನಂಗೆ ಅಮ್ಮ, ನಿಮ್ಗೆ ಅಕ್ಕ, ಪೋಸ್ಟ್‌ಮ್ಯಾನ್‌ಗೆ ಸುಬ್ಬಲಕ್ಷ್ಮಮ್ಮ. ಅಷ್ಟು ಸಾಕು ಬಿಡಿ ಮಾಮ" ಅಂದಳು. ನಿನ್ನ ಮಗಳನ್ನು ಮದುವೆಯಾಗಿ ಎಂಟು ವರ್ಷವಾಯಿತು, ನಿನ್ನನ್ನು ಅತ್ತೆ ಅನ್ನುವುದು ನನ್ನ ಬಾಯಿಗೆ ಬರಲೇ ಇಲ್ಲ. ಇನ್ನು ಬರುವುದೂ ಇಲ್ಲ. ವಿಮಾನ ಹತ್ತಿದ ಮೇಲೆ ಅವಳು ಆಡಿದ ಉದ್ದನೆಯ ಮಾತು ಅದೊಂದೇ.

ಇಲ್ಲಿನ ಕಂಪನಿ ನನ್ನನ್ನು ಇನ್‌ಸ್ಪೆಕ್ಷನ್‌ಗೆ ಹಾಕಿದೆ. ಪೀಣ್ಯದಲ್ಲಿ ಮಾಡುತ್ತಿದ್ದದ್ದೇ ಕೆಲಸ, ಗೇಜು ಹಿಡಿದು ಇದು ಸರಿ, ಇದು ಸರಿಯಿಲ್ಲ ಅನ್ನುವುದು. ಡೆಪ್ಯುಟೇಶನ್ ಬರೀ ನೆಪ ಅಂತ ಇವರಿಗೂ ಗೊತ್ತು, ಯಾರೂ ಏನೂ ಕೇಳುವುದಿಲ್ಲ. ವಾರಕ್ಕೆ ಮೂರು ದಿನ ಸೀತು ಆಸ್ಪತ್ರೆಯಲ್ಲಿ ಯಂತ್ರದ ಪಕ್ಕ ಮಲಗುತ್ತಾಳೆ. ಅದು ಅವಳ ರಕ್ತವನ್ನು ಹೊರಗೆ ತೆಗೆದು, ತೊಳೆದು, ಒಳಗೆ ಬಿಡುತ್ತದೆ.

ಬೆಂಗಳೂರಿನಲ್ಲಿ ಆ ಪಂಜಾಬಿ ಡಾಕ್ಟರು ಹೇಳಿದ್ದು ನಿನಗೆ ನೆನಪಿರಬೇಕು. ಮೂತ್ರಪಿಂಡ ಕೊಡುವುದಾದರೆ ರಕ್ತಸಂಬಂಧದವರೇ ಕೊಡಬೇಕು. ತಾಯಿಗೆ ಸಕ್ಕರೆ ಕಾಯಿಲೆ, ಆಗುವುದಿಲ್ಲ. ತಂದೆ ಇಲ್ಲ, ಒಡಹುಟ್ಟಿದವರಿಲ್ಲ. ಗಂಡನದು ನಡೆಯುವುದಿಲ್ಲ. ತೀರಿಕೊಂಡವರದ್ದನ್ನು ಜೋಡಿಸುವ ಏರ್ಪಾಡು ನಮ್ಮಲ್ಲಿಲ್ಲ, ಇಲ್ಲಿದೆ. ಅದಕ್ಕೇ ಬಂದೆವು. ಅವಳ ಹೆಸರನ್ನು ಬರೆದುಕೊಂಡಿದ್ದಾರೆ. ಇನ್ನು ಯಾರೋ ಗುರುತಿಲ್ಲದವರು ಸಾಯಬೇಕು, ಅವರದ್ದು ಇವಳಿಗೆ ಹೊಂದಬೇಕು, ಅವರು ಕರೆದ ದಿನ ಇವಳ ಮೈಯಲ್ಲಿ ನೀರು ತುಂಬಿರಬಾರದು. ನಾವು ಕಾಯುತ್ತಿರುವುದು ಅದಕ್ಕೆ.

ಅಲ್ಲಿಯವರೆಗೆ ಪಥ್ಯ. ಅಡುಗೆ ನನ್ನದು, ನಗಬೇಡ. ಮಿಸೆಸ್ ಹಾರ್ಟ್ಲಿ ಅಂತ ಒಬ್ಬಾಕೆ ಇದ್ದಾಳೆ, ರೋಗಿಗಳಿಗೆ ಏನು ತಿನ್ನಬೇಕು ಅಂತ ಹೇಳುವುದೇ ಆಕೆಯ ಉದ್ಯೋಗ. ಉಪ್ಪು ಇಲ್ಲ. ಬಾಳೆಹಣ್ಣು, ಟೊಮೆಟೊ, ಸೊಪ್ಪು ಯಾವುದೂ ಇಲ್ಲ. ಬೇಳೆ ಹೆಸರಿಗೆ ಮಾತ್ರ. ನೀರು ದಿನಕ್ಕೆ ಎರಡು ಲೋಟ, ಕಾಫಿಯೂ ಅದರೊಳಗೇ. ಆಲೂಗಡ್ಡೆಯನ್ನು ಸಣ್ಣಗೆ ಹೆಚ್ಚಿ ನೆನೆಹಾಕಿ, ಆ ನೀರು ಚೆಲ್ಲಿ, ಬೇಯಿಸಿ, ಬಸಿದು, ಮತ್ತೆ ಹೊಸ ನೀರಿನಲ್ಲಿ ಬೇಯಿಸಿ, ಮತ್ತೆ ಬಸಿಯಬೇಕು. ಕೊನೆಗೆ ಉಳಿಯುವುದು ಆಲೂಗಡ್ಡೆಯ ಆಕಾರ ಮಾತ್ರ. ಅವಳು ಅದನ್ನು ಮಾತಿಲ್ಲದೆ ತಿನ್ನುತ್ತಾಳೆ.

ನಿನ್ನ ಸಕ್ಕರೆ ಮಾತ್ರೆ ಮರೆಯಬೇಡ.

ಉಪೇಂದ್ರ


ಪೀಣ್ಯ
17 ಮಾರ್ಚ್ 1984

ಚಿರಂಜೀವಿ ಉಪೇಂದ್ರನಿಗೆ ಅಕ್ಕನ ಆಶೀರ್ವಾದ.

ನಿನ್ನ ಕಾಗದ ಬಂತು. ಮನೆ ಓನರ್ ವಸಂತಮ್ಮ ಹಾಲು ತಂದಿದ್ದಳು, ಅವಳಿಗೂ ಓದಿ ಹೇಳಿದೆ. ನಿಮ್ಮ ಫ್ಯಾಕ್ಟರಿ ನಿಂತಿರುವುದು ಅವರ ರಾಗಿ ಹೊಲದ ಮೇಲೆ ಅಂತ ಒಂದು ಸಲ ಹೇಳದಿದ್ದರೆ ಅವಳಿಗೆ ಹಾಲು ಅಳೆದ ಹಾಗೇ ಆಗುವುದಿಲ್ಲ. ಅದನ್ನು ಹೇಳಿ ಮುಗಿಸಿ, "ಸೊಪ್ಪು ಬ್ಯಾಡ, ಉಪ್ಪು ಬ್ಯಾಡ ಅಂದ್ರೆ ಆ ಮಗು ಏನ್ ತಿಂದು ಬದುಕ್ತೈತವ್ವಾ? ಇಂಗಾದ್ರೆ ಅದು ಊಟನೋ ಉಪಾಸನೋ?" ಅಂತ ನನ್ನನ್ನೇ ಬೈದಳು. ಪಥ್ಯ ಹಾಕಿದ್ದು ನಾನು ಅನ್ನುವ ಹಾಗೆ.

ಬಸಿದ ನೀರನ್ನು ಚೆಲ್ಲುತ್ತೀಯಂತೆ. ಯಾರಾದರೂ ಚೆಲ್ಲುತ್ತಾರೇನೋ? ಅದಕ್ಕೆ ನಾಲ್ಕು ಕಾಳು ಮೆಣಸು, ಒಂದಿಷ್ಟು ಜೀರಿಗೆ ಕುಟ್ಟಿ ಹಾಕಿ, ಕುದಿಸಿ, ಅದರಲ್ಲೇ ಸಾರು ಮಾಡು. ಸತ್ವವೆಲ್ಲ ಅದರಲ್ಲೇ ಇರುತ್ತದೆ. ನೀನು ಗಂಡಸು, ನಿನಗೆ ಹೇಗೆ ಗೊತ್ತಾಗಬೇಕು. ಆ ಇಂಗ್ಲಿಷ್ ಹೆಂಗಸು ಸಾರು ಕಂಡವಳಲ್ಲ.

ಸೀತು ಯಾಕೆ ಒಂದು ಸಾಲೂ ಬರೆದಿಲ್ಲ? ಕಾಗದದ ಕೆಳಗೆ ಜಾಗ ಇತ್ತು. ಕೈ ನೋವೇ? ಯಂತ್ರದ ಸೂಜಿ ಚುಚ್ಚುವುದು ಬಲಗೈಗೋ ಎಡಗೈಗೋ, ಬರಿ. ಎಡಗೈಗೆ ಅಂತಾದರೆ ಬರೆಯುವುದಕ್ಕೇನು ಅಡ್ಡಿ ಅಂತ ಅವಳನ್ನು ಕೇಳು.

ನಿಮ್ಮ ಫ್ಯಾಕ್ಟರಿಯ ಹನುಮಂತಯ್ಯ ಮೇ ತಿಂಗಳಲ್ಲಿ ಟ್ರೈನಿಂಗಿಗೆ ಅಂತ ಅಲ್ಲಿಗೇ ಬರುತ್ತಾನಂತೆ. ಅವನ ಕೈಲಿ ಅನ್ನಕ್ಕೆ ಕಲಸಿಕೊಳ್ಳುವುದಕ್ಕೆ ಏನಾದರೂ ಮಾಡಿ ಕಳಿಸುತ್ತೇನೆ. ಪಥ್ಯದ್ದೇ, ಹೆದರಬೇಡ. ನಾನು ಚೆನ್ನಾಗಿದ್ದೇನೆ. ಊಟವನ್ನು ಸ್ವಲ್ಪ ಬದಲಾಯಿಸಿಕೊಂಡಿದ್ದೇನೆ, ಅಷ್ಟೇ.

ಸುಬ್ಬಲಕ್ಷ್ಮಿ


ಬರ್ಮಿಂಗ್‌ಹ್ಯಾಮ್
30 ಮಾರ್ಚ್ 1984

ಅಕ್ಕ,

ದಯವಿಟ್ಟು ಬಸಿದ ನೀರಿನ ಮಾತು ಬಿಡು. ಸತ್ವವೆಲ್ಲ ಅದರಲ್ಲೇ ಇರುತ್ತದೆ ಅಂತ ಬರೆದೆಯಲ್ಲ, ಮಿಸೆಸ್ ಹಾರ್ಟ್ಲಿಯೂ ಅದನ್ನೇ ಹೇಳುತ್ತಾಳೆ. ಅದಕ್ಕೇ ಚೆಲ್ಲುವುದು. ತರಕಾರಿಯ ಆ ಸತ್ವ ಸೀತುವಿನ ಮೈಯಿಂದ ಹೊರಗೆ ಹೋಗುವುದಿಲ್ಲ. ಒಳಗೇ ಕೂತು ಏರುತ್ತದೆ, ಏರಿದರೆ ಎದೆಬಡಿತ ನಿಂತುಹೋಗುತ್ತದೆ. ನಮ್ಮ ಪಕ್ಕದ ಮಂಚದವನು ಎರಡು ಬಾಳೆಹಣ್ಣು ತಿಂದು ಹಾಗೇ ಹೋದ. ಸಂಭಾವಿತ ಮನುಷ್ಯ, ಬಸ್ ಡ್ರೈವರ್ ಆಗಿದ್ದನಂತೆ. ಇದನ್ನು ನಿನಗೆ ಬರೆಯಬಾರದು ಅಂದುಕೊಂಡಿದ್ದೆ, ಬರೆದಾಯಿತು.

ಸೂಜಿ ಎಡಗೈಗೆ. ಬಲಗೈ ಸರಿಯಾಗಿದೆ. ಬರೆ ಅಂದರೆ "ಏನಂತ ಬರೀಲಿ?" ಅನ್ನುತ್ತಾಳೆ. ಕೆಲಸದಿಂದ ಬಂದಾಗ ಕಿಟಕಿಯ ಹತ್ತಿರ ಕೂತಿರುತ್ತಾಳೆ, ಬೆಳಿಗ್ಗೆ ಕೂತಿದ್ದ ಕುರ್ಚಿಯಲ್ಲೇ. ಬಾಯಾರಿದರೆ ಒಂದು ಚೂರು ಐಸ್ ಬಾಯಲ್ಲಿಟ್ಟುಕೊಂಡು ಕರಗಿಸುತ್ತಾಳೆ. ಅಳುವುದಿಲ್ಲ. ನನ್ನ ಅಡುಗೆಯನ್ನು ಬೈಯುವುದೂ ಇಲ್ಲ. ಪೀಣ್ಯದಲ್ಲಿ ನಾನು ಕಾಫಿ ಬೆರೆಸಿದರೂ "ಇದಕ್ಕೆ ಮಿಷಿನ್ ಆಯಿಲ್ ಹಾಕಿದೀರಾ?" ಅಂತ ಕೇಳುತ್ತಿದ್ದವಳು. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಿಜ ಹೇಳಬೇಕೆಂದರೆ ನನಗೂ ಏನೂ ಅನ್ನಿಸುವುದಿಲ್ಲ. ದುಃಖವಾಗಬೇಕಿತ್ತು, ಆಗುವುದಿಲ್ಲ. ಗ್ಯಾಸಿನ ಮೀಟರಿಗೆ ನಾಣ್ಯ ಹಾಕುತ್ತೇನೆ, ಒಲೆ ಹತ್ತುತ್ತದೆ, ನೀರು ಕುದಿಯುತ್ತದೆ, ಚೆಲ್ಲುತ್ತೇನೆ. ಮತ್ತೆ ನೀರಿಡುತ್ತೇನೆ.

ಉಪೇಂದ್ರ


ಪೀಣ್ಯ
28 ಏಪ್ರಿಲ್ 1984

ಚಿರಂಜೀವಿ ಉಪೇಂದ್ರನಿಗೆ ಆಶೀರ್ವಾದ.

ಹನುಮಂತಯ್ಯ ಬಂದು ಡಬ್ಬಿ ತೆಗೆದುಕೊಂಡು ಹೋದ. ಬಿಸ್ಕತ್ತಿನ ತಗಡಿನ ಡಬ್ಬಿ, ಸುತ್ತ ಬಟ್ಟೆ ಹಾಕಿ ಹೊಲಿದಿದ್ದೇನೆ. ಒಳಗಿರುವುದು ಕರಿಬೇವಿನ ಪುಡಿ. ಎಲೆ ವಸಂತಮ್ಮ ಅವಳ ತವರು ಮಾದನಾಯಕನಹಳ್ಳಿಯಿಂದ ತರಿಸಿಕೊಟ್ಟದ್ದು. ನೆರಳಲ್ಲಿ ಒಣಗಿಸು ಅಂದರೆ ಅವಳು ಬಿಸಿಲಲ್ಲಿ ಹರಡಿಬಿಟ್ಟಿದ್ದಳು, ಜಗಳವಾಡಿದೆವು. ಬೇಳೆ ಹಾಕಿಲ್ಲ, ಕೊಬ್ಬರಿ ಹಾಕಿಲ್ಲ, ಹುಣಸೆಹಣ್ಣು ಹಾಕಿಲ್ಲ. ಉಪ್ಪಂತೂ ಒಂದು ಹರಳೂ ಇಲ್ಲ. ಮೊದಲ ಅನ್ನಕ್ಕೆ ಬೆಣ್ಣೆ ಕಾಯಿಸಿ ತುಪ್ಪ ಮಾಡಿ, ಅದರ ಜೊತೆ ಕಲಸಿ ಕೊಡು. ಎರಡು ಹೊತ್ತೂ ಕೊಡು.

ಬಸ್ ಡ್ರೈವರನ ವಿಷಯ ಓದಿದ ಮೇಲೆ ನಮ್ಮ ಹಿತ್ತಲಿನ ಬಾಳೆಗಿಡ ನೋಡುವುದಕ್ಕೇ ಮನಸ್ಸಾಗುತ್ತಿಲ್ಲ. ಗೊನೆ ಹಾಕಿದೆ. ವಸಂತಮ್ಮನಿಗೇ ಕೊಟ್ಟುಬಿಡುತ್ತೇನೆ. ನಿನ್ನ ಮನಸ್ಸು ಮರಗಟ್ಟಿದ ಹಾಗೆ ಬರೆದಿದ್ದೀಯ. ಊಟ ಸರಿಯಾಗಿ ಮಾಡು, ಸರಿಹೋಗುತ್ತದೆ.

ಸೀತುವಿಗೆ ಎರಡು ಸಾಲು ಬರೆಯುವುದಕ್ಕೆ ಹೇಳು. ಒಂದು ಸಾಲಾದರೂ ಸರಿ.

ಸುಬ್ಬಲಕ್ಷ್ಮಿ


ಬರ್ಮಿಂಗ್‌ಹ್ಯಾಮ್
19 ಮೇ 1984

ಅಕ್ಕ,

ಡಬ್ಬಿ ಬಂತು. ಹೊಲಿಗೆ ಬಿಚ್ಚಿದವಳು ಅವಳೇ. ಮುಚ್ಚಳ ತೆಗೆದು ಬಹಳ ಹೊತ್ತು ಮೂಸುತ್ತಾ ಕೂತಿದ್ದಳು. ಆಮೇಲೆ ಎರಡು ಸಲ ಅನ್ನ ಹಾಕಿಸಿಕೊಂಡಳು. ಎರಡು ಸಲ! ನಾವು ಬಂದ ಮೇಲೆ ಹೀಗಾಗಿದ್ದು ಇದೇ ಮೊದಲು. "ಅಮ್ಮ ಎಲೇನ ಒಂಚೂರು ಜಾಸ್ತಿ ಹುರಿದಿದಾಳೆ" ಅಂತ ತಪ್ಪನ್ನೂ ಕಂಡುಹಿಡಿದಳು. ನಾನು ರುಚಿ ನೋಡಲಿಲ್ಲ. ಅವಳ ಪಾಲು ಯಾಕೆ ಕಡಿಮೆ ಮಾಡಲಿ?

ಈಗ ದಿನಾ ಎರಡು ಹೊತ್ತೂ ಅದೇ. ಮಾತೂ ಆಡುತ್ತಾಳೆ. ವಸಂತಮ್ಮ ಕರುವಿಗೆ ಬೈಯುವುದನ್ನು ಅನುಕರಿಸಿ ತೋರಿಸಿದಳು, ನಾನು ನಕ್ಕುಬಿಟ್ಟೆ. ನಕ್ಕ ಮೇಲೆ ನನ್ನ ಸದ್ದು ನನಗೇ ಹೊಸದಾಗಿ ಕೇಳಿಸಿತು. ಬಾಯಾರಿಕೆ ಜಾಸ್ತಿಯಾಗಿದೆ ಅನ್ನುತ್ತಾಳೆ. "ಮಾತು ಜಾಸ್ತಿಯಾಯ್ತಲ್ಲ, ಗಂಟಲು ಒಣಗದೆ ಇನ್ನೇನಾಗತ್ತೆ?" ಅಂತ ರೇಗಿಸಿದೆ.

ನಿನ್ನ ಪುಡಿಯಿಂದ ಅವಳು ಮನುಷ್ಯಳಾದಳು ಅಕ್ಕ. ಪತ್ರದಲ್ಲಿ ಎರಡು ಸಾಲು ಬರೆಯುವುದಕ್ಕೂ ಒಪ್ಪಿದ್ದಾಳೆ. ಇವತ್ತು ಸುಸ್ತು, ಮುಂದಿನ ಸಲ ಬರೆಯುತ್ತಾಳಂತೆ.

ಉಪೇಂದ್ರ


ಬರ್ಮಿಂಗ್‌ಹ್ಯಾಮ್
11 ಜೂನ್ 1984

ಅಕ್ಕ,

ಆ ಪುಡಿಯಲ್ಲಿ ಏನೇನಿದೆ, ಒಂದೂ ಬಿಡದೆ ಬರೆ. ಕೂಡಲೇ ಬರೆ. ಮತ್ತೆ ಡಬ್ಬಿ ಕಳಿಸಬೇಡ.

ಇಲ್ಲಿ ವಿಶೇಷವೇನೂ ಇಲ್ಲ.

ಉಪೇಂದ್ರ


ಪೀಣ್ಯ
22 ಜೂನ್ 1984

ಉಪೇಂದ್ರ,

ನಿನ್ನ ಕಾಗದದ ಧಾಟಿ ನನಗೆ ಹಿಡಿಸಲಿಲ್ಲ. ಫ್ಯಾಕ್ಟರಿಯಲ್ಲಿ ಕೆಲಸದವರಿಗೆ ಮೆಮೋ ಕೊಟ್ಟ ಹಾಗಿದೆ. ವಿಶೇಷವೇನೂ ಇಲ್ಲದಿದ್ದರೆ ಕೂಡಲೇ ಯಾಕೆ ಬರೆಯಬೇಕು?

ಕರಿಬೇವು, ಮೆಣಸು, ಜೀರಿಗೆ, ಇಂಗು. ಆಮೇಲೆ ಸೈಂಧವ, ಅದು ಧಾರಾಳವಾಗಿ. ಉಪ್ಪಿಲ್ಲದ ಪುಡಿ ನಾಲಗೆಗೆ ಹತ್ತಬೇಕಲ್ಲ. ಏಕಾದಶಿ ಫಲಾಹಾರಕ್ಕೆ ನಡೆಯುತ್ತದೆ, ಬಾಣಂತಿ ಪಥ್ಯಕ್ಕೆ ನಡೆಯುತ್ತದೆ. ಉಪ್ಪು ಬಿಟ್ಟವರು ಹಾಕಿಕೊಳ್ಳುವುದೇ ಸೈಂಧವ, ಇದನ್ನು ನಿನಗೆ ನಾನು ಹೊಸದಾಗಿ ಹೇಳಬೇಕೆ? ಆ ಇಂಗ್ಲಿಷ್ ಹೆಂಗಸು ಏನೋ ತಲೆ ತುಂಬಿರಬೇಕು.

ಹೇಳಬಾರದು ಅಂತಿದ್ದೆ. ನೀವು ವಿಮಾನ ಹತ್ತಿದ ದಿನವೇ ನಾನೂ ಉಪ್ಪು ಬಿಟ್ಟೆ. ಸೀತು ಉಪ್ಪು ತಿನ್ನುವ ದಿನದವರೆಗೆ ನನಗೂ ಬೇಡ ಅಂತ ದೇವರ ಮುಂದೆ ಅಂದುಕೊಂಡೆ. ಎಲ್ಲದಕ್ಕೂ ಸೈಂಧವವೇ. ಏನೂ ಕಷ್ಟವಿಲ್ಲ. ಅದೇ ಭರಣಿಯಿಂದ ತೆಗೆದು ಅವಳ ಪುಡಿಗೂ ಹಾಕಿದ್ದು. ಅವಳಿಗೂ ಅಭ್ಯಾಸವಾಗುತ್ತದೆ, ನೋಡುತ್ತಿರು.

ಅವಳ ಎರಡು ಸಾಲು ಎಲ್ಲಿ?

ಸುಬ್ಬಲಕ್ಷ್ಮಿ


ಬರ್ಮಿಂಗ್‌ಹ್ಯಾಮ್
5 ಜುಲೈ 1984

ಅಕ್ಕ,

ನಿನ್ನ ಕಾಗದ ಮೊನ್ನೆ ಬಂತು. ಅದಕ್ಕೆ ಮೊದಲೇ ಆಸ್ಪತ್ರೆಯವರು ಪುಡಿಯನ್ನು ಪರೀಕ್ಷೆ ಮಾಡಿ ಹೇಳಿದ್ದರು. ಸೈಂಧವ ಉಪ್ಪೇ ಅಕ್ಕ. ಸಮುದ್ರದ್ದಲ್ಲ, ಬಂಡೆಯಿಂದ ಒಡೆದದ್ದು, ಅಷ್ಟೇ ವ್ಯತ್ಯಾಸ. ಏಕಾದಶಿಗೆ ಅದು ಉಪ್ಪಲ್ಲದಿರಬಹುದು, ಸೀತುವಿನ ಮೈಗೆ ಉಪ್ಪು. ಬಾಯಾರಿಸುತ್ತದೆ, ಕುಡಿದ ನೀರನ್ನು ಮೈಯಲ್ಲೇ ಹಿಡಿದಿಡುತ್ತದೆ.

ಜೂನ್ ಒಂಬತ್ತರ ಸಂಜೆ ಆಸ್ಪತ್ರೆಯಿಂದ ಕರೆ ಬಂತು. ಮೂತ್ರಪಿಂಡ ಸಿಕ್ಕಿದೆ, ಸೀತುವಿಗೆ ಹೊಂದುತ್ತದೆ, ಕೂಡಲೇ ಬನ್ನಿ ಅಂದರು. ಟ್ಯಾಕ್ಸಿಯಲ್ಲಿ ಹೋದೆವು. ಅವಳ ಕಾಲು ಊದಿತ್ತು, ಚಪ್ಪಲಿ ಹಿಡಿಯಲಿಲ್ಲ, ಮಾತಾಡಿದರೆ ಏದುಸಿರು. ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಕೇಳಿದರು. ಶ್ವಾಸಕೋಶದಲ್ಲಿ ನೀರು ತುಂಬಿದೆ, ಈ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಏಳುವುದಿಲ್ಲ ಅಂದರು. ಪಟ್ಟಿಯಲ್ಲಿ ಅವಳ ನಂತರ ಇದ್ದವರಿಗೆ ಕೊಟ್ಟರು. ಅವರು ಒಳಗೆ ಬರುವಾಗ ಬಾಗಿಲನ್ನು ಹಿಡಿದುಕೊಂಡದ್ದು ನಾನೇ. ಅವರ ಹೆಂಡತಿ ನನಗೆ ಥ್ಯಾಂಕ್ಸ್ ಹೇಳಿದಳು.

ಇದನ್ನು ನಿನಗೆ ಬರೆಯದೆ ಮುಚ್ಚಿಟ್ಟಿದ್ದೆ. ಸಿಟ್ಟಿತ್ತು. ನಿನ್ನನ್ನು ಬೈಯಬೇಕು ಅಂತಲೇ ಪೆನ್ನು ಹಿಡಿದಿದ್ದೆ. ಆಮೇಲೆ ಯೋಚಿಸಿದೆ. ಡಬ್ಬಿಯ ಮೇಲೆ ನೀನು ಸೈಂಧವ ಅಂತ ದೊಡ್ಡದಾಗಿ ಬರೆದಿದ್ದರೂ ನಾನು ಅವಳಿಗೆ ಕೊಡುತ್ತಿದ್ದೆ. ನಾನೂ ನಿನ್ನ ಅಡುಗೆಮನೆಯಲ್ಲೇ ಬೆಳೆದವನು.

ಸೀತುವಿಗೆ ಗೊತ್ತಿತ್ತಂತೆ. "ನಾಲಗೆಗೆ ಗೊತ್ತಾಗಲ್ವಾ ಮಾಮ? ಮೊದಲ ತುತ್ತಿಗೇ ಗೊತ್ತಾಯ್ತು. ಅಮ್ಮನ ಕೈರುಚಿ. ಬಿಡೋಕಾಗ್ಲಿಲ್ಲ" ಅಂದಳು. ಅಷ್ಟು ಹೇಳಿ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಇನ್ನು ನಿನ್ನೆ ನಡೆದದ್ದು. ನಿನ್ನ ಕಾಗದವನ್ನು ಮಿಸೆಸ್ ಹಾರ್ಟ್ಲಿಗೆ ಓದಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. "ನನ್ನ ಅಕ್ಕ ಹೀಗೆ ಬರೆದಿದ್ದಾಳೆ" ಅಂದೆ. ಆಕೆ ತಡೆದಳು. ಪುಡಿ ಮಾಡಿದ್ದು ಹೆಂಡತಿಯ ತಾಯಿ ಅಂತ ಹೋದ ತಿಂಗಳು ಹೇಳಿದೆ, ಈಗ ಅಕ್ಕ ಅನ್ನುತ್ತೀಯ, ನಿಜವಾಗಿ ಎಷ್ಟು ಜನ ಎಷ್ಟು ಡಬ್ಬಿ ಕಳಿಸುತ್ತಿದ್ದಾರೆ ಅಂತ ಜೋರು ಮಾಡಿದಳು. ಒಂದೇ ಡಬ್ಬಿ, ಇಬ್ಬರೂ ಒಬ್ಬಳೇ ಅಂದೆ. ನನ್ನ ಇಂಗ್ಲಿಷ್ ಕೆಟ್ಟಿದೆ ಅಂದುಕೊಂಡು ನಿಧಾನವಾಗಿ ಬಿಡಿಸಿ ಬಿಡಿಸಿ ಕೇಳಿದಳು.

"ನೀನು ಇವಳ ತಾಯಿಯ ತಮ್ಮನಾ?"

"ಹೌದು."

"ಒಂದೇ ತಂದೆತಾಯಿಗೆ ಹುಟ್ಟಿದವರಾ?"

"ಹೌದು."

"ಮತ್ತೆ ಇವಳ ಗಂಡ?"

"ಅದೂ ಹೌದು."

"ಇದನ್ನ ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

ಯಾರೂ ಕೇಳಲಿಲ್ಲ ಅಂದೆ. ಆಕೆ ಕನ್ನಡಕವನ್ನು ಮೇಜಿನ ಮೇಲೇ ಬಿಟ್ಟು ಡಾಕ್ಟರನ್ನು ಕರೆಯುವುದಕ್ಕೆ ಓಡಿದಳು.

ಅರ್ಥವಾಯಿತಾ ಅಕ್ಕ? ಗಂಡ ಅಂದರೆ ಇವರ ಲೆಕ್ಕದಲ್ಲಿ ಹೊರಗಿನವನು. ಬೆಂಗಳೂರಿನ ಆ ಪಂಜಾಬಿ ಡಾಕ್ಟರಿಗೂ ಹಾಗೇ. ಅಕ್ಕನ ಮಗಳನ್ನು ಮದುವೆಯಾಗುವುದು ಅವರ ಕಡೆ ಇಲ್ಲವೇ ಇಲ್ಲ. ಗಂಡನದು ನಡೆಯುವುದಿಲ್ಲ ಅಂದರು, ಸರಿ ಅಂದು ಎದ್ದುಬಂದೆವು. ನಾನು ಅವಳ ಸೋದರಮಾವ ಅಂತ ನನಗೂ ಹೊಳೆಯಲಿಲ್ಲ, ಪಕ್ಕದಲ್ಲೇ ಕೂತಿದ್ದ ನಿನಗೂ ಹೊಳೆಯಲಿಲ್ಲ. ಯಾರೋ ಸಾಯಲಿ ಅಂತ ಕಾಯುತ್ತಾ ನಾನು ಆಲೂಗಡ್ಡೆ ಬಸಿಯುತ್ತಿದ್ದೆ.

ಇವತ್ತು ನನ್ನ ರಕ್ತ ತೆಗೆದುಕೊಂಡರು. ಹೊಂದಬಹುದು, ಹೊಂದದೆಯೂ ಇರಬಹುದು. ಹೊಂದಿದರೆ ಕೊಡುತ್ತೇನೆ. ಆದರೆ ನಿನ್ನ ಒಪ್ಪಿಗೆ ಬೇಕು.

ಉಪೇಂದ್ರ


ಬರ್ಮಿಂಗ್‌ಹ್ಯಾಮ್
9 ಆಗಸ್ಟ್ 1984

ಅಕ್ಕ,

ತಿಂಗಳ ಮೇಲಾಯಿತು, ನಿನ್ನಿಂದ ಕಾಗದವಿಲ್ಲ. ಹನುಮಂತಯ್ಯನಿಗೆ ಅವನ ಮನೆಯಿಂದ ಬರುತ್ತಿದೆ, ಆದ್ದರಿಂದ ಅಂಚೆಯವರದ್ದು ತಪ್ಪಲ್ಲ.

ಹೊಂದಿದೆ. ರಕ್ತದ ಗುಂಪೂ ಒಂದೇ, ಮಿಕ್ಕದ್ದೂ ಸಾಕಷ್ಟು ಹೊಂದುತ್ತದೆ ಅಂದರು. ಗುರುತಿಲ್ಲದವರದ್ದಕ್ಕಿಂತ ಇದು ವಾಸಿಯಂತೆ. ಇಬ್ಬರೂ ಒಪ್ಪಿದರೆ ಸೆಪ್ಟೆಂಬರ್ ಕೊನೆಯಲ್ಲಿ ಮಾಡುತ್ತಾರೆ.

ಇಬ್ಬರೂ ಅನ್ನುವುದೇ ಈಗ ತೊಡಕು. ಸೀತು ಬೇಡ ಅನ್ನುತ್ತಾಳೆ. ಜಗಳವಾಡಿದ್ದರೆ ಉತ್ತರ ಕೊಡಬಹುದಿತ್ತು. ತಟ್ಟೆಯಲ್ಲಿರುವ ಅನ್ನ ಕಲಸುತ್ತಾ, ತಲೆ ಎತ್ತದೆ, "ಒಂದು ಮನೇಗೆ ಉಪ್ಪಿಲ್ಲದ ತಟ್ಟೆ ಒಂದು ಸಾಕು ಮಾಮ. ನಾಳೆ ನಿಮಗೂ ಹೀಗಾದ್ರೆ ಬಸಿಯೋರು ಯಾರು?" ಅಂದಳು. ಒಂದು ಮೂತ್ರಪಿಂಡದಲ್ಲಿ ಎಷ್ಟೋ ಜನ ಬಾಳುತ್ತಾರೆ ಅಂತ ಡಾಕ್ಟರು ಹೇಳಿದರು, ಮಿಸೆಸ್ ಹಾರ್ಟ್ಲಿ ಹೇಳಿದಳು. ತಲೆಯಾಡಿಸಿ ಮತ್ತೆ ಬೇಡ ಅಂದಳು.

ಯಂತ್ರ ಅವಳಿಗೆ ಈಚೆಗೆ ಒಗ್ಗುತ್ತಿಲ್ಲ. ಮಲಗಿಸಿದಾಗೆಲ್ಲ ರಕ್ತದೊತ್ತಡ ಇಳಿದುಹೋಗುತ್ತದೆ. ಇನ್ನೊಂದು ಕರೆ ಬರುವವರೆಗೆ ಇರುತ್ತಾಳೋ ಇಲ್ಲವೋ ಅಂತ ಡಾಕ್ಟರು ನನ್ನೊಬ್ಬನಿಗೇ ಹೇಳಿದ್ದಾರೆ.

ಏನಾದರೂ ಬರೆ ಅಕ್ಕ. ಬೈದಾದರೂ ಬರೆ.

ಉಪೇಂದ್ರ


ಪೀಣ್ಯ
21 ಆಗಸ್ಟ್ 1984

ಉಪೇಂದ್ರ,

ಬರೆಯುವುದಕ್ಕೆ ಎಷ್ಟೋ ಸಲ ಕೂತೆ. ಆಶೀರ್ವಾದ ಅಂತ ಮೊದಲ ಸಾಲು ಬರೆಯುವಾಗಲೇ ಕೈ ನಿಂತುಹೋಗುತ್ತಿತ್ತು. ನನ್ನ ಕೈಯಿಂದಲೇ ಮಗಳಿಗೆ ಹಾಗಾಯಿತಲ್ಲ, ನಾನು ಯಾವ ಬಾಯಲ್ಲಿ ಆಶೀರ್ವಾದ ಮಾಡಲಿ ಅನ್ನಿಸುತ್ತಿತ್ತು.

ನಿನ್ನ ಕಾಗದ ಬಂದ ದಿನ ಸೈಂಧವದ ಭರಣಿಯನ್ನು ಹಿತ್ತಲಿಗೆ ತೆಗೆದುಕೊಂಡು ಹೋಗಿ ಸುರಿದೆ. ಆಮೇಲೆ ಅನ್ನ ಸಾರು ಮಾಡಿ, ಏನೂ ಹಾಕದೆ, ಕಲಸಿ ಬಾಯಿಗಿಟ್ಟೆ. ಅಲ್ಲಿಯವರೆಗೆ ನಾನು ಉಪ್ಪು ಬಿಟ್ಟಿದ್ದೇನೆ ಅಂತಲೇ ತಿಳಿದಿದ್ದೆ. ಬಿಡುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಕಹಿಯಾದರೆ ಕಹಿ ಅನ್ನಬಹುದು. ಇದು ಏನೂ ಅಲ್ಲ. ಅಗಿಯುತ್ತೀನಿ, ನುಂಗುತ್ತೀನಿ, ಯಾರೋ ಬೇರೆಯವರು ತಿಂದ ಹಾಗಿರುತ್ತದೆ. ಈಗ ಫ್ಯಾಕ್ಟರಿ ಸೈರನ್ ಕೂಗಿದರೂ ಎಷ್ಟೋ ಸಲ ನನಗೆ ಕೇಳುವುದೇ ಇಲ್ಲ. "ಯಾಕವ್ವ ಇಂಗೆ ಕುಂತಿದ್ದೀ, ಆಲು ಉಕ್ಕಿ ಒಲೆ ಆರೋಗೈತೆ" ಅಂತ ವಸಂತಮ್ಮ ಬಂದು ಅಲುಗಾಡಿಸಿದ ಮೇಲೆ ಎಚ್ಚರವಾಗುತ್ತದೆ. ನೀನು ಮಾರ್ಚಿನಲ್ಲಿ ನನಗೂ ಏನೂ ಅನ್ನಿಸುವುದಿಲ್ಲ ಅಂತ ಬರೆದಿದ್ದೆ. ಊಟ ಸರಿಯಾಗಿ ಮಾಡು ಅಂತ ಬುದ್ಧಿ ಹೇಳಿದೆನಲ್ಲ, ಎಂಥ ಮೂರ್ಖಳು ನಾನು.

ನನ್ನ ಒಪ್ಪಿಗೆ ಕೇಳಿದ್ದೀಯ. ಅಮ್ಮ ಹೋದಾಗ ನಿನಗೆ ಐದು ವರ್ಷ. ನನ್ನ ಮದುವೆಯಾದಾಗ ನನ್ನ ಸೆರಗು ಹಿಡಿದುಕೊಂಡೇ ನಮ್ಮತ್ತೆ ಮನೆಗೆ ಬಂದೆ. ನನಗಿರುವುದು ನೀವಿಬ್ಬರೇ. ಇಬ್ಬರನ್ನೂ ಒಂದೇ ದಿನ ಕೊಯ್ಯುವುದಕ್ಕೆ ಹೂಂ ಅನ್ನು ಅನ್ನುತ್ತೀಯ. ಹೆದರಿಕೆಯಾಗುತ್ತದೆ ಕಣೋ. ಹೆದರಿಕೊಂಡೇ ಹೂಂ ಅನ್ನುತ್ತಿದ್ದೇನೆ.

ಇನ್ನು ಮುಂದಿನದು ಸೀತುವಿಗೆ. ಅವಳ ಕೈಗೆ ಕೊಡು.

ಸೀತೂ, ಉಪ್ಪು ಅಂತ ಗೊತ್ತಿದ್ದೂ ಆ ಪುಡಿ ತಿಂದೆಯಂತೆ, ಅಮ್ಮನ ಕೈರುಚಿ ಅಂತ. ನಿನ್ನ ಮಾಮನಿಗೆ ಐದನೇ ವರ್ಷದಿಂದ ತುತ್ತು ಇಟ್ಟು ಬೆಳೆಸಿದ್ದೂ ಇದೇ ಕೈ. ಅವನ ಮೈಯಲ್ಲಿರುವುದೆಲ್ಲ ನನ್ನ ಅಡುಗೆಯೇ. ಪುಡಿಯನ್ನು ಬಿಡುವುದಕ್ಕಾಗಲಿಲ್ಲ ಅಂದೆ, ಹಾಗಾದರೆ ಇದನ್ನು ಯಾಕೆ ಬೇಡ ಅನ್ನುತ್ತೀಯ?

ನೀನು ಉಪ್ಪು ತಿನ್ನುವ ದಿನದವರೆಗೆ ನಾನು ತಿನ್ನುವುದಿಲ್ಲ. ಈ ಸಲ ಸೈಂಧವವೂ ಇಲ್ಲ. ನೀನು ಬೇಡ ಅಂದರೆ ನಾನು ಸಾಯುವವರೆಗೂ ಹೀಗೇ. ನನ್ನ ಹಟ ನಿನಗೆ ಗೊತ್ತು, ನಿನಗೂ ಅದೇ ಹಟ ಬಂದಿದೆ. ಯಾರು ಗೆಲ್ಲುತ್ತಾರೆ ನೋಡೋಣ.

ಅಮ್ಮ


ಬರ್ಮಿಂಗ್‌ಹ್ಯಾಮ್
21 ಅಕ್ಟೋಬರ್ 1984

ಅಕ್ಕ,

ಆಪರೇಶನ್ ಆಯಿತು ಅಂತ ಕಳಿಸಿದ ತಂತಿ ನಿನಗೆ ತಲುಪಿದ ಸುದ್ದಿ ಹನುಮಂತಯ್ಯನ ಮನೆಯವರಿಂದ ತಿಳಿಯಿತು. ಕಾಗದ ಬರೆಯುವುದು ತಡವಾಯಿತು. ಪಕ್ಕೆಯ ಹೊಲಿಗೆ ಬಿಗಿಯುತ್ತದೆ, ಬಹಳ ಹೊತ್ತು ಕೂರಲಾಗುವುದಿಲ್ಲ. ಬೇರೇನೂ ತೊಂದರೆಯಿಲ್ಲ.

ನಿನ್ನ ಕಾಗದವನ್ನು ಅವಳು ಎಷ್ಟು ಸಲ ಓದಿದಳೋ ಗೊತ್ತಿಲ್ಲ. ಓದಿ ಮಡಿಸಿ, "ಅಮ್ಮನ ಜೊತೆ ಯಾರು ಜಗಳ ಆಡ್ತಾರೆ" ಅಂತ ಗೊಣಗಿಕೊಂಡು ಸಹಿ ಹಾಕಿದಳು. ನನಗೆ ಎಚ್ಚರವಾದಾಗ ಮಿಸೆಸ್ ಹಾರ್ಟ್ಲಿ ನನ್ನ ಮಂಚದ ಹತ್ತಿರ ನಿಂತಿದ್ದಳು. ಜೋಡಿಸಿ ಮುಗಿಸುವ ಮೊದಲೇ ಅದು ಕೆಲಸ ಶುರುಮಾಡಿತು ಅಂದಳು. ನಾನು ಒಂದು ಗಂಟೆಯ ಹೊತ್ತು ಅತ್ತೆನಂತೆ. ನನಗೆ ನೆನಪಿಲ್ಲ.

ಡಾಕ್ಟರು ಇನ್ನೂ ಒಂದು ವರ್ಷ ಹುಷಾರಾಗಿರಿ ಅನ್ನುತ್ತಾರೆ. ಮಾತ್ರೆಗಳು ಮುಷ್ಟಿ ತುಂಬ ಇವೆ. ಆದರೆ ಯಂತ್ರ ಬಿಟ್ಟಿದೆ. ಈಗ ನೀರು ಕುಡಿ ಕುಡಿ ಅಂತ ನರ್ಸುಗಳು ಹಿಂದೆ ಬೀಳುತ್ತಾರೆ. ಮೊದಲ ದಿನ ತುಂಬಿದ ಲೋಟವನ್ನು ಕೈಯಲ್ಲಿ ಹಿಡಿದು, "ಪೂರ್ತಿನಾ?" ಅಂತ ನನ್ನ ಮುಖ ನೋಡಿದಳು.

ಮೊನ್ನೆ ಮನೆಗೆ ಬಂದೆವು. ಇವತ್ತು ಸಾರು ಮಾಡಿದೆ. ಟೊಮೆಟೊ ಹಾಕಬಹುದು, ಬೇಳೆ ಹಾಕಬಹುದು, ಉಪ್ಪು ಮಾತ್ರ ಚಿಟಿಕೆ ಅಂತ ಮಿಸೆಸ್ ಹಾರ್ಟ್ಲಿ ಕೈಯಲ್ಲಿ ತೋರಿಸಿ ಕಳಿಸಿದ್ದಾಳೆ. ತರಕಾರಿ ಬೇಯಿಸಿ ಬಸಿದೆ. ಅಭ್ಯಾಸಬಲದಿಂದ ನೀರನ್ನು ಸಿಂಕಿನವರೆಗೂ ತೆಗೆದುಕೊಂಡು ಹೋಗಿ, ನಿಂತೆ. ವಾಪಸು ತಂದು, ನೀನು ಹೇಳಿದ್ದ ಹಾಗೆ ಮೆಣಸು ಜೀರಿಗೆ ಕುಟ್ಟಿ ಹಾಕಿ, ಅದರಲ್ಲೇ ಸಾರು ಮಾಡಿದೆ. ಉಪ್ಪು ಒಂದೇ ಚಿಟಿಕೆ. ಆಣೆ ಮಾಡಿ ಹೇಳುತ್ತೇನೆ, ಒಂದೇ ಚಿಟಿಕೆ.

ಅವಳು ಒಂದು ಚಮಚ ಬಾಯಿಗಿಟ್ಟು ಏನೇನೋ ಅಂದಳು. ನಾನು ಬರೆಯುವುದು ಬೇಡವಂತೆ, ಪೆನ್ನು ಕೊಡಿ ಅನ್ನುತ್ತಿದ್ದಾಳೆ.

ಅಮ್ಮಾ,

ಮಾಮ ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದಾರೆ. ಬಾಯಿಗೆ ಇಡುವ ಹಾಗಿಲ್ಲ. ಆದರೂ ಪೂರ್ತಿ ತಿಂದೆ.

ಇನ್ನು ನೀನು ಊಟ ಮಾಡು.

ಸೀತು